ಹೊಗೆ ಹೋಯ್ತಾ, ಸ್ವಲ್ಪ ನೋಡ್ತೀನಮ್ಮಾ

ಸಂಜೆ ಐದರಿಂದ ಏಳರೊಳಗೆ ಸೊಳ್ಳೆ ಔಷಧಿ ಹೊಡೆಯಲು ಬರುತ್ತಾರೆ, ಕಿಟಕಿ ಬಾಗಿಲು ಮುಚ್ಚಿಕೊಳ್ಳಿ ಅಂತ ನಿನ್ನೆ ಬೆಳಿಗ್ಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬಂತು. ಒಳ್ಳೆಯದೇ. ಹೇಳದೆ ಕೇಳದೆ ಬಂದು ಹೊಗೆ ಬಿಟ್ಟು ಹೋಗುವುದಕ್ಕಿಂತ ಎಷ್ಟೋ ವಾಸಿ. ಐದಕ್ಕೆ ಸರಿಯಾಗಿ ಮನೆ ಮುಚ್ಚಿದೆ. ಏಳರವರೆಗೂ ಸೆಕೆಯಲ್ಲಿ ಬೆಂದೆವು. ಇನ್ನು ಬರಲ್ಲ ಬಿಡಿ ಅಂತ ಕಿಟಕಿಗಳನ್ನೆಲ್ಲ ತೆಗೆದು, ಬೆಕ್ಕನ್ನು ಹೊರಗೆ ಬಿಟ್ಟು, ಉಸ್ಸಪ್ಪಾ ಅಂತ ಕೂತೆ ನೋಡಿ, ಬೀದಿ ತುದಿಯಲ್ಲಿ ಬುರ್ರ್ ಅಂತ ಸದ್ದು. ಗಂಟೆ ಎಂಟು.

ಸುಡು ಬಿಸಿಲಲ್ಲಿ ಹೊಡೆದರೆ ಹೊಗೆ ಮೇಲಕ್ಕೆ ಹೋಗಿಬಿಡುತ್ತದೆ, ಸೊಳ್ಳೆ ಹಾರುವ ಹೊತ್ತಿಗೇ ಹೊಡೆಯಬೇಕು, ಅದಕ್ಕೇ ಮುಂಜಾನೆ ಇಲ್ಲವೇ ಸಂಜೆ. ಇದೆಲ್ಲ ನನಗೂ ಗೊತ್ತು. ಆದರೆ ಸಂಜೆ ಅನ್ನುವುದಕ್ಕೂ ಒಂದು ಮಿತಿ ಬೇಡವಾ?

ಮತ್ತೆ ಓಟ. ಒಣಹಾಕಿದ ಬಟ್ಟೆ ಒಳಗೆ, ನಾಯಿಯ ನೀರಿನ ಬಟ್ಟಲು, ಊಟದ ತಟ್ಟೆ, ಅದು ಕಚ್ಚಿ ಕಚ್ಚಿ ಆಕಾರ ಕಳೆದುಕೊಂಡ ಚೆಂಡು, ಎಲ್ಲ ಒಳಗೆ. ಹೊರಗೇ ಬಿಟ್ಟರೆ ಅದರ ಮೇಲೆ ಕೂತ ಔಷಧಿ ಕೊನೆಗೆ ನಾಯಿ ಬಾಯಿಗೇ ಹೋಗುವುದು. ಆಮೇಲೆ ಮೀನಿನ ತೊಟ್ಟಿ. ಈ ಹೊಗೆಯಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಅನ್ನುವ ಗುಂಪಿನ ಔಷಧಿ. ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ನೋಡಿಕೊಂಡು ಮಾಡಿದ್ದಂತೆ. ಹೂವಿನ ಸಂಬಂಧ ಅಂದ ತಕ್ಷಣ ಸಾಧು ಅಂದುಕೊಳ್ಳಬೇಡಿ. ಅವರು ಹೊಡೆಯುವ ಪ್ರಮಾಣಕ್ಕೆ ಮನುಷ್ಯರಿಗೆ, ನಾಯಿಗೆ ಅಷ್ಟಾಗಿ ಏನೂ ಆಗುವುದಿಲ್ಲ. ಮೀನಿಗೆ ಮಾತ್ರ ಕಡು ವಿಷ. ತೊಟ್ಟಿ ಮುಚ್ಚಿದರೆ ಸಾಲದು, ಗುಳ್ಳೆ ಬಿಡುವ ಪಂಪನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಕೋಣೆಯ ಗಾಳಿಯನ್ನು ಎಳೆದು ಎಳೆದು ನೀರಿಗೇ ಬಿಡುತ್ತದೆ. ನಿಲ್ಲಿಸಿದ್ದನ್ನು ಮತ್ತೆ ಹಾಕಲು ಮರೆಯುವ ಹಾಗೂ ಇಲ್ಲ. ಔಷಧಿಯಿಂದ ಉಳಿದ ಮೀನು ಉಸಿರು ಕಟ್ಟಿ ಸತ್ತರೆ ಯಾರಿಗೆ ಹೇಳೋದು?

ನಾಯಿಗೆ ವಯಸ್ಸಾಗಿದೆ. ಮೊದಲೆಲ್ಲ ಈ ಗಾಡಿ ಆಚೆ ಬೀದಿಯಲ್ಲಿದ್ದರೂ ಗೇಟಿನ ಮೇಲೆ ಕಾಲು ಇಟ್ಟುಕೊಂಡು, ಸದ್ದು ಪೂರ್ತಿ ನಿಲ್ಲುವ ತನಕ ಬೊಗಳುತ್ತಿತ್ತು. ತಾನು ಬೊಗಳಿದ್ದಕ್ಕೇ ಗಾಡಿ ಓಡಿಹೋಯಿತು ಅಂತ ಆಮೇಲೆ ಬಂದು ಬಾಲ ಅಲ್ಲಾಡಿಸುವುದು ಬೇರೆ. ಆಗ ಎಷ್ಟು ಬೈದಿದ್ದೇನೆ. ಈಗ ಕಿವಿ ಕೇಳುವುದಿಲ್ಲ. ಗಾಡಿ ಹತ್ತಿರ ಬಂದರೂ ಮಲಗೇ ಇತ್ತು. ಎಬ್ಬಿಸಿ ಒಳಗೆ ಕರೆದುಕೊಂಡು ಬಂದರೆ, ಏನಾಯಿತು ಅಂತ ಮುಖ ನೋಡಿತು. ಒಂದು ಸಲ ಬೊಗಳಬಾರದಾ ಅನಿಸಿತು.

ಬೆಕ್ಕಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಅದೇ ತೊಂದರೆ. ಸದ್ದು ಕೇಳಿದ್ದೇ ಎದುರಿಗೆ ನಿಂತಿದ್ದ ಕಾರಿನ ಕೆಳಗೆ ಸೇರಿಕೊಂಡಿತು. ಅದನ್ನು ಅಲ್ಲೇ ಬಿಡುವಂತಿಲ್ಲ. ಇದೇ ಪೈರೆಥ್ರಾಯ್ಡ್ ಗುಂಪಿಗೆ ಸೇರಿದ ಪರ್ಮೆಥ್ರಿನ್‌ನಂಥ ಔಷಧಿ ನಾಯಿಗೆ ದಕ್ಕಿದ ಹಾಗೆ ಬೆಕ್ಕಿಗೆ ದಕ್ಕುವುದಿಲ್ಲ, ಅದರ ಪಿತ್ತಜನಕಾಂಗಕ್ಕೆ ಅದನ್ನು ಬೇಗ ಕರಗಿಸುವ ಶಕ್ತಿಯಿಲ್ಲ. (ನಾಯಿಗೆ ಉಣ್ಣೆ ಹೋಗಲಿ ಅಂತ ಹಾಕುವ ಡ್ರಾಪ್ಸನ್ನು ಬೆಕ್ಕಿಗೂ ಎರಡು ಹನಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬೆಕ್ಕು ಜೊಲ್ಲು ಸುರಿಸುತ್ತಾ ನಡುಗಲು ಶುರುಮಾಡಿದರೆ ನೇರ ಡಾಕ್ಟರ ಹತ್ತಿರ ಓಡಬೇಕು.) ನಾನು ರಸ್ತೆಯಲ್ಲಿ ಅಡ್ಡ ಮಲಗಿ, ಕಾರಿನ ಕೆಳಗೆ ಕೈ ಹಾಕಿ, ಬಾ ಚಿನ್ನ, ಬಾ ಬಂಗಾರ ಅಂತಿದ್ದರೆ, ಹೊಗೆ ಮಷೀನ್ ಹೆಗಲಿಗೆ ಹಾಕಿಕೊಂಡ ಹುಡುಗ ಪಾಪ ಬಂದು, ಹೊಗೆ ನಿಲ್ಲಿಸಿ, "ಬೇಗ ಹಿಡ್ಕೊಳ್ಳಿ ಮೇಡಂ, ಇನ್ನೂ ಐದು ಬೀದಿ ಇದೆ" ಅಂದ. ಬೆಕ್ಕು ಅವನ ಮಾತಿಗೆ ಬಂತು. ನನ್ನ ಮಾತಿಗಲ್ಲ.

ಬಾಗಿಲು ಹಾಕಿದೆ. ಮುಗಿಯಿತಾ? ನಮ್ಮ ಮನೆಯಲ್ಲಿ ಅಲ್ಲಿಂದ ಶುರು. ನಮ್ಮ ಮಾವನವರಿಗೆ ಮುಚ್ಚಿದ ಕಿಟಕಿ ಕಂಡರೆ ಆಗುವುದಿಲ್ಲ. ಹೊಗೆ ಗೇಟು ದಾಟಿತೋ ಇಲ್ಲವೋ, ಎದ್ದರು.

"ಮಾವ, ಕಿಟಕಿ ತೆಗೀಬೇಡಿ."

"ತೆಗೀತಿಲ್ಲಮ್ಮಾ, ಹೊಗೆ ಹೋಯ್ತಾ ಅಂತ ಸ್ವಲ್ಪ ನೋಡ್ತೀನಿ."

ಅದು ಗಾಜಿನ ಕಿಟಕಿ. ಮುಚ್ಚಿಯೇ ನೋಡಬಹುದು. ಆದರೆ ಗಾಜಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲವಂತೆ, ವಾಸನೆ ನೋಡಿಯೇ ಹೇಳಬೇಕಂತೆ. ಚಿಲಕ ಸರಿಸಿ, ಒಂದು ಗೇಣು ತೆಗೆದು, ಮೂಗನ್ನು ಹೊರಗಿಟ್ಟು ದೀರ್ಘವಾಗಿ ಎಳೆದುಕೊಂಡರು. ಕೆಮ್ಮಿದರು. ಮುಚ್ಚಿದರು. "ಇನ್ನೂ ಇದೆ" ಅಂತ ವರದಿ ಕೊಟ್ಟರು. ಅರ್ಧ ಗಂಟೆಯಾದರೂ ಮುಚ್ಚಿರಬೇಕು ಮಾವ ಅಂದೆ. ಹೌದೌದು ಅಂದರು. ಟಿವಿಯಲ್ಲಿ ಒಂದು ಜಾಹೀರಾತು ಮುಗಿಯುವಷ್ಟರಲ್ಲಿ ಮತ್ತೆ ಕಿಟಕಿ ಹತ್ತಿರ. ಮತ್ತೆ ಗೇಣು, ಮೂಗು, ಕೆಮ್ಮು, ವರದಿ. ಈ ಸಲ ಗುಣಮಟ್ಟದ ಬಗ್ಗೆಯೂ ಮಾತು: "ಹೊಗೆ ತೆಳು ಅನ್ಸುತ್ತೆ. ಔಷಧಿ ಕಮ್ಮಿ ಹಾಕಿದಾರೆ." ಆ ಬಿಳಿ ಹೊಗೆಯಲ್ಲಿ ಮುಕ್ಕಾಲುವಾಸಿಗಿಂತ ಜಾಸ್ತಿ ಡೀಸೆಲ್‌ನಂಥ ಎಣ್ಣೆಯೇ, ಔಷಧಿ ಇರುವುದು ಚೂರೇ ಚೂರು, ದಪ್ಪಕ್ಕೂ ಔಷಧಿಗೂ ಸಂಬಂಧವಿಲ್ಲ ಅಂದೆ. ನಂಬಲಿಲ್ಲ. ಖಚಿತ ಮಾಡಿಕೊಳ್ಳಲು ಇನ್ನೊಂದು ಸಲ ತೆಗೆದರು.

ಅಷ್ಟರಲ್ಲಿ ಹಾಲ್‌ನಲ್ಲಿ ಟಿವಿ ಮಸುಕಾಗಿ ಕಾಣತೊಡಗಿತು. ಮಾವ ಕನ್ನಡಕ ಒರೆಸಿಕೊಂಡು ಸುತ್ತ ನೋಡಿ, "ಅಲ್ಲಮ್ಮಾ, ಇಷ್ಟು ಹೊಗೆ ಎಲ್ಲಿಂದ ಬಂತು? ಮುಂದಿನ ಬಾಗಿಲ ಸಂದಿಗೆ ಒಂದು ಬಟ್ಟೆ ಇಡಬಾರದಾ?" ಅಂದರು.

ಇಟ್ಟೆ. ಏನು ಹೇಳಲಿ? ಗಂಡನ ಕಡೆ ನೋಡಿದರೆ ಅವರು ಫೋನಿನೊಳಗೆ ಇಳಿದುಹೋಗಿದ್ದರು. ಬೆಕ್ಕನ್ನೂ ನಾಯಿಯನ್ನೂ ಒಳಕೋಣೆಗೆ ಸೇರಿಸಿ ಬಾಗಿಲು ಎಳೆದುಕೊಂಡೆ. ಮಾವನನ್ನೂ ಅಲ್ಲೇ ಕೂರಿಸೋಣ ಅಂದರೆ ಆ ಕೋಣೆಗೂ ಒಂದು ಕಿಟಕಿ ಇದೆ.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಇಷ್ಟೆಲ್ಲ ಆಗಿ, ಒಂಬತ್ತೂವರೆಗೆ ಕಿಟಕಿ ತೆಗೆದು, ಬಟ್ಟಲು ತೊಳೆದು, ಜಗುಲಿ ಒರೆಸಿ, ಪಂಪ್ ಹಾಕಿ, ಸುಸ್ತಾಗಿ ಬಿದ್ದುಕೊಂಡರೆ ಕಿವಿಯ ಹತ್ತಿರ ಗುಂಯ್ ಅಂತ. ಯಾಕಿರುವುದಿಲ್ಲ? ಡೆಂಗಿ ತರುವ ಈಡಿಸ್ ಸೊಳ್ಳೆಗೆ ಮನೆಯೊಳಗೇ ಇಷ್ಟ. ಮಂಚದ ಕೆಳಗೆ, ಪರದೆ ಹಿಂದೆ, ಬೀರುವಿನ ಕತ್ತಲಲ್ಲಿ ಕೂತಿರುತ್ತದೆ. ಅದು ಕಚ್ಚುವುದೂ ಹೆಚ್ಚಾಗಿ ಹಗಲಲ್ಲೇ, ಗಾಡಿ ಬರುವ ಹೊತ್ತಿಗೆ ಅದರ ಡ್ಯೂಟಿ ಮುಗಿದಿರುತ್ತದೆ. ಇದು ರಾತ್ರಿಪಾಳಿಯದ್ದು ಇರಬೇಕು. ಅಂತೂ ನಾವು ಮೀನಿಗೆ, ಬೆಕ್ಕಿಗೆ ಅಂತ ಅಷ್ಟು ಕಾಳಜಿಯಿಂದ ಮುಚ್ಚಿದ ಮನೆಯಲ್ಲಿ ಎಲ್ಲರಿಗಿಂತ ಕ್ಷೇಮವಾಗಿದ್ದದ್ದು ಸೊಳ್ಳೆ. ಹೊರಗೆ ಸತ್ತದ್ದು ಯಾರೋ? ದೀಪದ ಸುತ್ತ ಸುಮ್ನೆ ಸುತ್ತುತ್ತಿದ್ದ ಹುಳುಗಳು ಬೆಳಿಗ್ಗೆ ಮೆಟ್ಟಿಲ ಮೇಲೆ ಬಿದ್ದಿದ್ದವು.

ಇನ್ನು ಆ ಹೊಗೆಗೆ ಮೊಟ್ಟೆ, ಮರಿ ಸಾಯುವುದೂ ಇಲ್ಲ. ಹಾರುವ ಸೊಳ್ಳೆಗಷ್ಟೇ ಅದು. ನಿಂತ ನೀರು ಒಂದು ಲೋಟದಷ್ಟಿದ್ದರೂ ವಾರ, ಹತ್ತು ದಿನದಲ್ಲಿ ಹೊಸ ಸೊಳ್ಳೆ ತಯಾರು. ಇವತ್ತು ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಮನೆಯೆಲ್ಲ ಹುಡುಕಿದೆ. ಬಕೆಟ್ ಕವುಚಿದೆ, ಕುಂಡದ ತಟ್ಟೆ ಚೆಲ್ಲಿದೆ. ಕೊನೆಗೆ ಮಾವನ ಕಿಟಕಿಯ ಮೇಲೆ, ಅವರೇ ಬಾಟಲಿಯಲ್ಲಿ ನೆಟ್ಟ ಮನಿಪ್ಲಾಂಟ್. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಕಡ್ಡಿಯಂಥ ಮರಿಗಳು, ಬಾಲ ಮೇಲೆ ಮಾಡಿಕೊಂಡು ತಲೆಕೆಳಗಾಗಿ ತೂಗಾಡುತ್ತಿವೆ. ಬಾಟಲಿ ಅಲ್ಲಾಡಿಸಿದರೆ ಎಲ್ಲವೂ ಡೊಂಕುಡೊಂಕಾಗಿ ತಳಕ್ಕೆ ಓಡಿದವು.

"ಮಾವ, ಈ ನೀರು ಚೆಲ್ಲಿಬಿಡ್ತೀನಿ."

"ಬೇಡಮ್ಮಾ, ಈಗಷ್ಟೇ ಬೇರು ಬಿಡ್ತಿದೆ. ಮುಟ್ಟಬೇಡ."

ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಅದು ಬೇರಿನ ಚೂರಂತೆ. ಬೇರು ಈಜುತ್ತಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ವಾಪಸ್ ಕಿಟಕಿಯಲ್ಲಿಟ್ಟರು. ಊಟ ಆದಮೇಲೆ ಅವರು ಒಂದು ಗಂಟೆ ನಿದ್ದೆ ಮಾಡುತ್ತಾರೆ. ಅಷ್ಟು ಸಾಕು ನನಗೆ.