ಮುಂಗಾಲಿನ ಆಟ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸೈಕಲ್ಲು ‘ಟಕ್’ ಅನ್ನಲು ಶುರುಮಾಡಿತು. ಟಾರು ರಸ್ತೆಯಲ್ಲಿ ಸುಮ್ಮನಿರುತ್ತಿತ್ತು. ಭಾನುವಾರ ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡಿನಲ್ಲಿ ಬಂಡೆಯ ಮೇಲಿಂದ ಇಳಿಯುವಾಗ ಟಕ್. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಇನ್ನೊಂದು ಟಕ್. ಮೊದಲು ಇದು ನನ್ನ ಮೊಣಕಾಲೇ ಇರಬೇಕು ಅಂದುಕೊಂಡೆ. 47ನೇ ವಯಸ್ಸಿನಲ್ಲಿ ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದು ಸುಲಭ. ಒಂದು ಕೈಯಲ್ಲಿ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಬೇಕು. ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ಕೆಳಗಿನ ಹೆಡ್‌ಸೆಟ್ ಮೇಲೆ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್ ಮೇಲೆ, ಇಡಬೇಕು. ಸಡಿಲವಾಗಿ ಅಲ್ಲಾಡುವ ಆಟ ಅಲ್ಲಿದ್ದರೆ ಅದೃಷ್ಟ, ಅಲೆನ್ ಕೀ ಹಿಡಿದರೆ ಐದು ನಿಮಿಷದ ಕೆಲಸ. ಅಲ್ಲೇ ಇರಲಪ್ಪಾ ಎಂದು ಮನೆದೇವರಿಗೆ ಹರಕೆ ಹೊರುವುದೊಂದು ಬಾಕಿ. ಹೆಡ್‌ಸೆಟ್ ಕಲ್ಲಿನ ಹಾಗೆ ಕೂತಿತ್ತು. ಬೆರಳನ್ನು ಕೆಳಗೆ ತಂದೆ. ಹೊಳೆಯುವ ಕೊಳವೆ ದಪ್ಪ ಕಾಲಿನೊಳಗೆ ಇಳಿಯುವಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ, ಅದರ ಅಂಚಿನಲ್ಲಿ ಇಟ್ಟೆ. ಟಕ್. ಈ ಸಲ ಕಿವಿಗಿಂತ ಮೊದಲು ಬೆರಳಿಗೆ ಕೇಳಿಸಿತು.

ಮುಂದಿನ ಚಕ್ರವನ್ನು ಹಿಡಿದ ಈ ಮುಂಗಾಲಿಗೆ ಸೈಕಲ್ಲಿನವರು ಫೋರ್ಕ್ ಅನ್ನುತ್ತಾರೆ. ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಬಾಯಲ್ಲಿ ಅದು ಶಾಕಪ್ಸರ್. ಮೇಲಿನ ಎರಡು ಕೊಳವೆ ಕೆಳಗಿನ ಎರಡು ಕಾಲಿನೊಳಗೆ ಜಾರುತ್ತವೆ, ನಡುವೆ ಬುಷ್ ಅನ್ನುವ ತೆಳು ಬಳೆ. ಒಳಗೆ ಸ್ಪ್ರಿಂಗ್, ಜಾಸ್ತಿ ದುಡ್ಡು ಕೊಟ್ಟರೆ ಸ್ಪ್ರಿಂಗ್ ಬದಲು ಗಾಳಿ. ನನ್ನದು ಸ್ಪ್ರಿಂಗಿನದು, 100 ಮಿ.ಮೀ. ಕುಗ್ಗುವಂಥದು, ಸೈಕಲ್ಲಿನ ಜೊತೆಯಲ್ಲೇ ಬಂದದ್ದು. ಬುಷ್ ಸವೆದರೆ ಕೊಳವೆ ಒಳಗೆ ಹೊಯ್ದಾಡುತ್ತದೆ, ಬಾಣಂತಿಯ ಬಳೆ ತೊಟ್ಟ ಮಗುವಿನ ಕೈಯ ಹಾಗೆ.

ನನ್ನದರಂಥ ಗುಡ್ಡಗಾಡಿನ ಸೈಕಲ್ಲು, ಮೌಂಟನ್ ಬೈಕ್, ಹುಟ್ಟಿದ ಕಾಲಕ್ಕೆ ಇದು ಯಾವುದೂ ಇರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ಡಕೋಟಾ ಸೈಕಲ್ಲುಗಳಲ್ಲಿ ಒಂದು ಕಡಿದಾದ ಮಣ್ಣುದಾರಿ ಇಳಿಯುವ ಪಂದ್ಯ ಶುರುಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತಂತೆ. ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ ‘ರಿಪ್ಯಾಕ್’ ಅಂತ ಹೆಸರು. ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು, ಆರ್‌ಎಸ್-1, ಬಂದದ್ದು 1989ರಲ್ಲಿ. ಅಲ್ಲಿಂದೀಚೆಗೆ ನಮ್ಮ ಮಣಿಕಟ್ಟುಗಳು ಸುಖ ಕಂಡು ಕೆಟ್ಟುಹೋದವು. ರಿಪೇರಿಯ ಹೆಸರನ್ನೇ ದಾರಿಗೆ ಇಟ್ಟವರ ವಂಶದಲ್ಲಿ ನಾನು ಆರು ವರ್ಷಕ್ಕೆ ಒಂದೇ ಸಲ ಗ್ರೀಸ್ ಹಾಕಿಸಿದವನು. ಅದೇ ಕಂಪನಿಯವರು ತಮ್ಮ ಫೋರ್ಕಿನ ಕೆಳಗಿನ ಕಾಲನ್ನು 50 ಗಂಟೆ ಓಡಿಸಿದ ಮೇಲೆ ಬಿಚ್ಚಿ ತೊಳೆಯಿರಿ ಅನ್ನುತ್ತಾರೆ. ಭಾನುವಾರಕ್ಕೆ ಎರಡು ಗಂಟೆ ಅಂದರೆ ಆರು ತಿಂಗಳಿಗೊಮ್ಮೆ. ನಾನು ಹಲ್ಲಿನ ಡಾಕ್ಟರ ಹತ್ತಿರವೂ ಅಷ್ಟು ಸಲ ಹೋಗುವವನಲ್ಲ.

ಸೈಕಲ್ ಅಂಗಡಿಯ ಹುಡುಗ ಒಮ್ಮೆ ಅಲ್ಲಾಡಿಸಿ ನೋಡಿದ. “ಬುಷ್ ಹೋಗಿದೆ ಸಾರ್. ಬಿಚ್ಚಬೋದು, ಆದ್ರೆ ಈ ಮಾಡಲ್‌ಗೆ ಬುಷ್ ಎಲ್ಲಿಂದ ತರೋದು? ಹೊಸದೇ ಹಾಕ್ಸ್ಬಿಡಿ.” ಒಳ್ಳೆಯ ಫೋರ್ಕಿನ ರೇಟು ಹೇಳಿದ. ಆ ದುಡ್ಡಿಗೆ ನನ್ನ ಇಡೀ ಸೈಕಲ್ಲನ್ನು ಮಾರಿದರೂ ಸಾಲದು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಹೋಗಲಿ ಅಂತ ಒಪ್ಪಿದರೂ ಕಥೆ ಮುಗಿಯುವುದಿಲ್ಲ. ನನ್ನದು 26 ಇಂಚಿನ ಚಕ್ರ. ಅವನಲ್ಲಿದ್ದ ಹೊಸ ಫೋರ್ಕುಗಳೆಲ್ಲ 29ರವು. ಫ್ರೇಮಿನೊಳಗೆ ಹೋಗುವ ಅವುಗಳ ಕತ್ತಿನ ಕೊಳವೆ ಮೇಲೆ ಸಣ್ಣ, ಕೆಳಗೆ ದಪ್ಪ. ನನ್ನ ಫ್ರೇಮಿನ ತೂತು ಉದ್ದಕ್ಕೂ ಒಂದೇ ಸಮ. ಆಕ್ಸಲ್ 15 ಮಿ.ಮೀ., ನನ್ನದು 9. ಅಂದರೆ ಫೋರ್ಕಿಗಾಗಿ ಚಕ್ರ, ಚಕ್ರಕ್ಕಾಗಿ ಫ್ರೇಮು. ಕೌಪೀನ ಕಡಿಯುವ ಇಲಿಗೆ ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿ ಕಣ್ಣ ಮುಂದೆ ಬಂದ. ಪಾಪ, ಅವನ ಕಾಲದಲ್ಲಿ ಇಎಂಐ ಇರಲಿಲ್ಲ.

ಮನೆಯಲ್ಲಿ ಅಪ್ಪನ ಮುಂದೆ ಈ ಮಾತು ತೆಗೆದದ್ದು ತಪ್ಪಾಯಿತು. ಅಪ್ಪ ಪಂಪ್ ಸ್ಟೌ ಕಾಲದವರು. ವಾಷರ್ ಒಣಗಿದರೆ ಎಣ್ಣೆ ಸವರಿ ಹಾಕುವುದು, ಛತ್ರಿಯ ಕಡ್ಡಿ ಮುರಿದರೆ ಇನ್ನೊಂದು ಛತ್ರಿಯ ಕಡ್ಡಿ ಕಟ್ಟುವುದು, ಇದೆಲ್ಲ ಅವರಿಗೆ ಹಲ್ಲುಜ್ಜಿದಷ್ಟೇ ಸಹಜ. “ಬುಷ್ ತಾನೆ? ಲೇತ್‌ನೋರಿಗೆ ಕೊಟ್ರೆ ಮಾಡ್ಕೊಡ್ತಾರೆ. ಇಷ್ಟಕ್ಕೆ ಹೊಸದು ಯಾಕೋ?” ಅಂದರು. ನನಗೂ ಹುರುಪು ಬಂತು. ಭಾನುವಾರ ಬಾಲ್ಕನಿಯಲ್ಲಿ ಪೇಪರ್ ಹಾಸಿ ಇಬ್ಬರೂ ಫೋರ್ಕ್ ಬಿಚ್ಚಿದೆವು. ಒಳಗಿಂದ ಬಂದದ್ದನ್ನು ಗ್ರೀಸ್ ಅನ್ನುವ ಹಾಗಿರಲಿಲ್ಲ, ಕಾಡಿಗೆಗೆ ಮರಳು ಬೆರೆಸಿದಂತಿತ್ತು. ಅದನ್ನು ಹಿಡಿಯಲು ನಾನು ತಂದ ಬೇಸಿನ್ನು ದೋಸೆ ಹಿಟ್ಟಿನದು ಅಂತ ಆಮೇಲೆ ಗೊತ್ತಾಯಿತು.

ಲೇತ್ ಅಂಗಡಿಯವರು ಕೊಳವೆಯನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ನನ್ನದು ಉಕ್ಕಿನ ಕೊಳವೆ, ಮೇಲೆ ಕ್ರೋಮ್. ಅಲ್ಲಲ್ಲಿ ಕ್ರೋಮ್ ಹೊಟ್ಟಿನಂತೆ ಎದ್ದು, ಅಡಿಯಲ್ಲಿ ತುಕ್ಕು ಸಾಸಿವೆ ಸಿಡಿದ ಹಾಗೆ ಚುಕ್ಕಿ ಚುಕ್ಕಿ. ಉಗುರಿನಿಂದ ಮೇಲಿಂದ ಕೆಳಗೆ ಎಳೆದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಏನೂ ಮಾತಾಡದೆ ವರ್ನಿಯರ್ ತೆಗೆದು ಕೊಳವೆಯ ತುದಿಗೆ ಹಾಕಿದರು. 28 ಮಿ.ಮೀ., ಇರಬೇಕಾದಷ್ಟೇ ಇತ್ತು. ನಡುವಿಗೆ ಹಾಕಿದರು, ಕೂದಲೆಳೆಯಷ್ಟು ಕಮ್ಮಿ. ಅದೇ ಜಾಗದಲ್ಲಿ ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಹಾಕಿದರು. ಈಗ ಬೇರೆಯೇ ಅಳತೆ. ಬ್ರೇಕ್ ಹಿಡಿದಾಗಲೆಲ್ಲ ಹಿಂದೆ ಮುಂದೆ ಒತ್ತಿ ಒತ್ತಿ, ದುಂಡಗಿದ್ದದ್ದು ಮೊಟ್ಟೆಯ ಕಡೆಗೆ ಹೊರಟಿತ್ತು.

“ಬುಷ್ ಮಾಡೋದು ದೊಡ್ಡದಲ್ಲ ಸ್ವಾಮಿ. ಪೈಪೇ ಸವೆದಿದೆ. ಯಾವ ಅಳತೆಗೆ ಮಾಡ್ಲಿ ಹೇಳಿ?” ಅಂದರು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ವರ್ನಿಯರ್ ಇಸಿದುಕೊಂಡು ತಾವೇ ಎರಡು ಸಲ ಅಳೆದರು. ಕನ್ನಡಕ ತೆಗೆದು ಮೂರನೇ ಸಲ. ಆಮೇಲೆ ಮೆಲ್ಲಗೆ, “ಹೊಸದೇ ನೋಡು” ಅಂದರು. ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿದ್ದು ಅಜ್ಜನ ಮನೆಯ ಹೆಂಚಿನ ಮಾಡಿನ ವಿಷಯದಲ್ಲಿ, ಒಂದೇ ಸಲ.

ಹೊಸದು ಅಂದರೂ ನನಗೆ ಸಿಕ್ಕಿದ್ದು ಬೇರೆಯವರ ಹಳೆಯದು. 29ಕ್ಕೆ ಬಡ್ತಿ ಪಡೆದ ಸವಾರರೊಬ್ಬರು ತಮ್ಮ 26ರ ಗಾಳಿ ಫೋರ್ಕನ್ನು ಮಾರುತ್ತಿದ್ದರು. ಮುಂದಿನ ಒಂದು ವಾರ ಫೋನಿನಲ್ಲಿ ನಡೆದದ್ದು ಜಾತಕ ಕೂಡಿಸುವ ಕೆಲಸವೇ. ಚಕ್ರ ಕೂಡಿತಾ? ಕೂಡಿತು. ಆಕ್ಸಲ್? ಸರಿ. ಡಿಸ್ಕ್ ಬ್ರೇಕ್ ಕೂರುವ ಕಿವಿ? ಇದೆ. ಕತ್ತಿನ ಕೊಳವೆ ನೇರ. ಎಲ್ಲ ಕೂಡಿದ ಮೇಲೆ ಕೊನೆಗೆ ಉಳಿದದ್ದು ಆ ಕೊಳವೆಯ ಉದ್ದ. ಅದನ್ನು ಅವರವರ ಫ್ರೇಮಿಗೆ ತಕ್ಕಂತೆ ಗರಗಸದಲ್ಲಿ ಕತ್ತರಿಸಿರುತ್ತಾರೆ. ಉದ್ದ ಜಾಸ್ತಿಯಾದರೆ ವಾಷರಿನಂಥ ಬಳೆಗಳನ್ನು ಹಾಕಿ ಸರಿಮಾಡಬಹುದು, ಕಮ್ಮಿಯಾದರೆ ಬ್ರಹ್ಮನೂ ಏನೂ ಮಾಡಲಾರ. ನಾನು ಫ್ರೇಮಿನ ಕತ್ತು, ಹೆಡ್‌ಸೆಟ್, ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಎಲ್ಲ ಕೂಡಿಸಿ ಅಳೆದೆ. ಅವರದು 6 ಮಿ.ಮೀ. ಜಾಸ್ತಿ ಬಂತು. ಅಷ್ಟು ಸಂತೋಷ ನನಗೆ ಪಿಯುಸಿ ರಿಸಲ್ಟ್ ದಿನ ಆಗಿರಲಿಲ್ಲ.

ಕೊಡುವಾಗ ಅವರು, “ಸರ್ವಿಸ್ ಮಾಡಿಸಿ ಎರಡು ವರ್ಷ ಆಯ್ತು, ಸೀಲ್ ಬದಲಾಯಿಸ್ಕೊಳ್ಳಿ” ಅಂದರು. ಸರಿ, ಬಿಚ್ಚಿದೆವು. ಕೊಳವೆಯ ಮೇಲೆ ನಾನೂ ಅಪ್ಪನೂ ಸರದಿಯಲ್ಲಿ ಉಗುರು ಎಳೆದೆವು, ಎಲ್ಲೂ ಸಿಕ್ಕಲಿಲ್ಲ. ಹೊಸ ಸೀಲು, ಹೊಸ ಸ್ಪಂಜಿನ ಉಂಗುರ, ಹೊಸ ಆಯಿಲು. ಬೇಸಿನ್ನು ಈ ಸಲ ನಮ್ಮದೇ. ಗಾಳಿ ತುಂಬಲು ಬೇರೆ ಪಂಪು ಬೇಕಂತೆ, ಮಾಮೂಲಿ ಸೈಕಲ್ ಪಂಪು ನಡೆಯುವುದಿಲ್ಲ. ಅದನ್ನೂ ತಂದೆ. ಸನ್ಯಾಸಿಗೆ ಬೆಕ್ಕೊಂದು ಬಂದ ಹಾಗಾಯಿತು. ಸೀಟಿನ ಮೇಲೆ ಕೂತರೆ ಫೋರ್ಕ್ ತಾನು ಕುಗ್ಗಬಲ್ಲ ಒಟ್ಟು ಉದ್ದದ ಕಾಲು ಭಾಗದಷ್ಟು ಕುಗ್ಗಬೇಕು ಅನ್ನುವುದು ಲೆಕ್ಕ. ನನ್ನ ತೂಕವನ್ನು ಪಂಪಿನ ಮುಂದೆ ಎರಡು ಕೆಜಿ ಕಮ್ಮಿ ಹೇಳಿಕೊಂಡಿದ್ದೆ. ಅದು ನಂಬಲಿಲ್ಲ.

ತುರಹಳ್ಳಿಯ ಬಂಡೆ ಈಗ ಸದ್ದಿಲ್ಲದೆ ಇಳಿಯುತ್ತೇನೆ. ಮೊಣಕಾಲಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ.

ಹಳೆ ಫೋರ್ಕನ್ನು ಗುಜರಿಗೆ ಹಾಕೋಣ ಅಂದರೆ ಅಪ್ಪ ಬಿಡಲಿಲ್ಲ. ಸ್ಪ್ರಿಂಗ್ ಚೆನ್ನಾಗಿದೆಯಂತೆ. ಎರಡೂವರೆ ಕೆಜಿ ತೂಗುವ ಅದನ್ನು ಅಮ್ಮ ಬಾಲ್ಕನಿಯ ಬಾಗಿಲಿಗೆ ಅಡ್ಡ ಇಟ್ಟಿದ್ದಾಳೆ. ಆಷಾಢದ ಗಾಳಿ ಜೋರಾದಾಗ ಬಾಗಿಲು ಬಂದು ಅದಕ್ಕೆ ಬಡಿಯುತ್ತದೆ. ಟಕ್.