ಸಿಪ್ಪೆ ಎಲ್ಲಿ ಹೋಯ್ತು ಮಾರಾಯ್ರೆ?

ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಬಣ್ಣಕ್ಕೆ ಚೊಗರು ಹಾಕಿ ಒಣಗಿಸಿದರೆ ಕೈಗೆ ಸಿಗುವುದು 12-13 ಕೆಜಿ ಕೆಂಪಡಿಕೆ. ಮಿಕ್ಕ 87 ಕೆಜಿ ಏನಾಯಿತು ಅಂತ ಶಿವಮೊಗ್ಗದ ಮಂಡಿಯಲ್ಲಿ ಯಾರೂ ಧರಣಿ ಕೂರುವುದಿಲ್ಲ. ಸಿಪ್ಪೆ ರಸ್ತೆ ಬದಿಗೆ, ನೀರು ಆಕಾಶಕ್ಕೆ. ಆದರೆ ಅದೇ ಮಂಡಿಯ ಮನುಷ್ಯ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾ ನೋಡಿ ಎದ್ದನೋ, ಬಾಯಿಂದ ಬರುವ ಮೊದಲ ಮಾತು: “ಟಾಮ್ ಬಾಂಬಡಿಲ್ ಎಲ್ಲಿ ಮಾರಾಯ್ರೆ?”

ಬಾಂಬಡಿಲ್ ಅಂದರೆ ಪುಸ್ತಕದಲ್ಲಿದ್ದು ಸಿನಿಮಾಕ್ಕೆ ಬಾರದ ಪಾತ್ರ. ಹೀಗೆ ಕೇಳುವವರು ಮೂಲನಿಷ್ಠರು. ಪುಸ್ತಕದಲ್ಲಿದ್ದದ್ದೆಲ್ಲ ಪರದೆ ಮೇಲೆ ಬರಬೇಕು, ಇಲ್ಲದ್ದು ಒಂದೂ ಬರಬಾರದು. ಇವರಲ್ಲಿ ಹಲವರ ಪುಸ್ತಕದೊಳಗೆ ಗುರುತಿಗೆ ಇಟ್ಟ ತೀರ್ಥಹಳ್ಳಿ ಬಸ್ಸಿನ ಟಿಕೆಟ್ಟು ಮೊದಲ ಸಂಪುಟದಲ್ಲೇ ಬರುವ ಎಲ್‌ರಾಂಡನ ಸಭೆಯ ಅಧ್ಯಾಯ ದಾಟಿಲ್ಲ ಎಂಬುದು ಬೇರೆ ವಿಷಯ.

ಲೆಕ್ಕ ಹಾಕೋಣ. ಟೋಲ್ಕಿನ್ 1954-55ರಲ್ಲಿ ಮೂರು ಸಂಪುಟವಾಗಿ ತಂದ ಈ ಕಾದಂಬರಿಯಲ್ಲಿ ಸುಮಾರು 4.8 ಲಕ್ಷ ಪದಗಳಿವೆ. ನಿಮಿಷಕ್ಕೆ 150 ಪದದಂತೆ ಗಟ್ಟಿಯಾಗಿ ಓದಿದರೆ 53 ಗಂಟೆ. ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ಚಿತ್ರಮಂದಿರಕ್ಕೆ ಕೊಟ್ಟ ಮೂರು ಸಿನಿಮಾ ಸೇರಿ ಒಂಬತ್ತೂಕಾಲು ಗಂಟೆ. ಅಂದರೆ ನೂರಕ್ಕೆ 17ರ ಇಳುವರಿ. ಅಡಿಕೆಗಿಂತ ವಾಸಿ! ಇನ್ನು ಟೋಲ್ಕಿನ್ನರದೇ 1937ರ ‘ಹಾಬಿಟ್’ ನೋಡಿ. ಸುಮಾರು 95 ಸಾವಿರ ಪದದ ಮಕ್ಕಳ ಪುಸ್ತಕ, ಗಟ್ಟಿಯಾಗಿ ಓದಿದರೆ ಹತ್ತೂವರೆ ಗಂಟೆ. ಅದೇ ಜಾಕ್ಸನ್ ಅದನ್ನೂ ಮೂರು ಸಿನಿಮಾ ಮಾಡಿದರು, ಎಂಟು ಗಂಟೆಗೆ ಆರೇ ನಿಮಿಷ ಕಮ್ಮಿ. ನೂರಕ್ಕೆ 75! ಇದನ್ನು ನಮ್ಮಲ್ಲಿ ನಿಷ್ಠೆ ಅನ್ನುವುದಿಲ್ಲ, ಒಣಗಿಸದ ಅಡಿಕೆ ತೂಗಿ ಮಾರುವುದು ಅನ್ನುತ್ತಾರೆ. ಅಂಥ ಚೀಲಕ್ಕೆ ಬೂಸ್ಟು ಹಿಡಿಯದೆ ಇರುತ್ತದೆಯೇ? ಪುಸ್ತಕದಲ್ಲಿ ಹೆಸರೇ ಇಲ್ಲದ ಟೌರಿಯೆಲ್ ಬಂದಳು, ಅವಳ ಹಿಂದೆ ಕುಳ್ಳನ ಜೊತೆ ಪ್ರೇಮವೂ ಬಂತು.

ಮೂಲನಿಷ್ಠರು ಹೇಗೆ ಗದರುತ್ತಾರೆ ಎಂಬುದಕ್ಕಿಂತ ಎಲ್ಲಿ ಗದರಬೇಕಿತ್ತು ಎಂಬುದೇ ಮುಖ್ಯ. ಬಾಂಬಡಿಲ್ ಹಾಡಿ ಕುಣಿಯುವ ಆಸಾಮಿ, ಎಲ್ಲರೂ ಹೆದರುವ ಆ ಕೇಡಿನ ಉಂಗುರ ಅವನಿಗೆ ಆಟಿಕೆ. ಅವನನ್ನು ತೆಗೆದರೆ ಕಥೆಯ ಭಯ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ. ಆದರೆ ಅವನ ಜೊತೆ ಗೋರಿದಿಬ್ಬದ ಪ್ರಸಂಗವೂ ಹೋಯಿತು. ಅಲ್ಲಿ ಸಿಕ್ಕ ಹಳೇ ಕತ್ತಿಯಿಂದಲೇ ಮೆರಿ ಎಂಬ ಹಾಬಿಟ್ (ಕಥೆಯ ಗಿಡ್ಡ ಜನ) ಮುಂದೆ ಶತ್ರುಪಕ್ಷದ ಮಾಂತ್ರಿಕ ದೊರೆಯ ಕಾಲಿಗೆ ಇರಿಯುತ್ತಾನೆ. ಆ ದೊರೆಯ ಶತ್ರುಗಳೇ ಅವನ ವಿರುದ್ಧ ಮಂತ್ರಿಸಿ ಮಾಡಿದ ಕತ್ತಿ ಅದು. ಅದಕ್ಕೇ ಅವನ ಮೈಯ ಕಟ್ಟು ಬಿಚ್ಚಿತು. ಸಿನಿಮಾದಲ್ಲಿ ವೆದರ್‌ಟಾಪ್ ಗುಡ್ಡದ ಮೇಲೆ ಹಾಬಿಟ್‌ಗಳ ಜೊತೆಗಾರ ಅರಗಾರ್ನ್ ಗಂಟು ಬಿಚ್ಚಿ, ಕೊಯ್ಲಿನವರಿಗೆ ಕತ್ತಿ ಹಂಚಿದ ಹಾಗೆ ನಾಲ್ಕು ಹಂಚುತ್ತಾನೆ. ಸಿಪ್ಪೆ ಸುಲಿಯುವಾಗ ಒಳಗಿನ ಅಡಿಕೆಗೂ ಮೆಟ್ಟುಗತ್ತಿ ತಾಗಿದ್ದು ಇಲ್ಲಿ. ಈ ಬಗ್ಗೆ ಕೇಳಿ, ಮೂಲನಿಷ್ಠರು ಮೌನ. ಅವರ ಸಿಟ್ಟೆಲ್ಲ ಪುಸ್ತಕದ ಗ್ಲಾರ್ಫಿಂಡೆಲ್‌ನ ಕುದುರೆಯನ್ನು ಸಿನಿಮಾದಲ್ಲಿ ಅರ್ವೆನ್ ಹತ್ತಿದ್ದಕ್ಕೇ ಖರ್ಚಾಗಿರುತ್ತದೆ.

ದಂಡನಾಯಕ ಫರಾಮಿರ್ ವಿಷಯ ಇನ್ನೂ ಸೂಕ್ಷ್ಮ. ಪುಸ್ತಕದಲ್ಲಿ ಅವನು ಉಂಗುರ ದಾರಿಯಲ್ಲಿ ಬಿದ್ದಿದ್ದರೂ ಮುಟ್ಟೆ ಅನ್ನುತ್ತಾನೆ, ಸಿನಿಮಾದಲ್ಲಿ ಉಂಗುರ ಹೊತ್ತ ಹಾಬಿಟ್ ಫ್ರೋಡೋನನ್ನು ಕಟ್ಟಿ ಓಸ್ಗಿಲಿಯತ್ ನಗರಕ್ಕೆ ಎಳೆದೊಯ್ಯುತ್ತಾನೆ. ಕಾರಣ ಸರಳ: ಎರಡನೇ ಸಂಪುಟದ ಕೊನೆಗಿದ್ದ ಹೆಜ್ಜೇಡ ಷೆಲಾಬ್ ಮೂರನೇ ಸಿನಿಮಾಕ್ಕೆ ಹೋದಳು, ಎರಡನೆಯದಕ್ಕೆ ಕ್ಲೈಮ್ಯಾಕ್ಸ್ ಬೇಕಾಯಿತು. ಒಂದು ತೊಲೆ ಕಿತ್ತರೆ ಇನ್ನೊಂದು ಕಡೆ ಊರುಗಂಬ ಕೊಡಲೇಬೇಕು.

ನಿಜಕ್ಕೂ ನಷ್ಟವಾದದ್ದು ಕೊನೆಯಲ್ಲಿ. ಯುದ್ಧ ಗೆದ್ದು ಹಾಬಿಟ್‌ಗಳು ಊರಿಗೆ ಬಂದರೆ ಮರ ಕಡಿದಿದ್ದಾರೆ, ಹೊಳೆ ಕೆಟ್ಟಿದೆ, ಹೊಸ ಕಾಯಿದೆಗಳ ಬೋರ್ಡು ನೇತಾಡುತ್ತಿದೆ. ಆ ಅಧ್ಯಾಯ ಸಿನಿಮಾದಲ್ಲಿ ಇಲ್ಲ; ಊರು ಹೊರಟಾಗ ಇದ್ದ ಹಾಗೆಯೇ ಹಸಿರಾಗಿದೆ. ಲಿಂಗನಮಕ್ಕಿ ಹಿನ್ನೀರಿನ ಕಡೆಯವರಿಗೆ ಇದರಲ್ಲೇನು ತಪ್ಪಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾಗಿ, ಈ ನಿಷ್ಠೆ ಬರೀ ಇಂಗ್ಲಿಷ್ ಪುಸ್ತಕಕ್ಕೆ ಮೀಸಲು. ತಾಳಮದ್ದಳೆಯಲ್ಲಿ ಭಾಗವತರು ನಾಲ್ಕು ಸಾಲು ಪದ್ಯ ಹೇಳಿ ಮುಗಿಸಿದರೆ ಅರ್ಥಧಾರಿ ಅರ್ಧ ಗಂಟೆ, ವ್ಯಾಸರ ಕನಸಲ್ಲೂ ಬರದ ವಾದ ಹೂಡುತ್ತಾರೆ. ಮೂಲನಿಷ್ಠರು ಕವಳ ಜಗಿಯುತ್ತ ತಲೆದೂಗುತ್ತಾರೆ. ಪಂಪ ಐವರ ಪತ್ನಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟ, ಆದಿಕವಿ ಅಂದೆವು. ಕುಪ್ಪಳಿಯ ಕುವೆಂಪು ಅಗ್ನಿಪರೀಕ್ಷೆಯಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಜ್ಞಾನಪೀಠ ಬಂದಾಗ ಊರೆಲ್ಲ ಸಿಹಿ ಹಂಚಿತು. ಆಗ “ವಾಲ್ಮೀಕಿಯಲ್ಲಿ ಎಲ್ಲಿದೆ ತೋರಿಸಿ” ಅಂತ ಪುಟ ಮಗುಚಲು ಈ ಮಂದಿಗೆ ಪುರುಸೊತ್ತಿರಲಿಲ್ಲ.

ಆದರೂ ಅವರ ಬೇಡಿಕೆ ಈಡೇರಲಿ. ಒಂದು ಪದವನ್ನೂ ಬಿಡದ ಸಿನಿಮಾ ಶುಕ್ರವಾರ ಬೆಳಿಗ್ಗೆ 10ಕ್ಕೆ ಶುರುವಾದರೆ ಭಾನುವಾರ ಮಧ್ಯಾಹ್ನ 3ಕ್ಕೆ ಮುಗಿಯುತ್ತದೆ. ಕೊನೆಗಿರುವ ಅನುಬಂಧದ ವಂಶಾವಳಿ, ಹಾಬಿಟ್‌ಗಳ ನಾಡು ಷೈರ್‌ನ ಪಂಚಾಂಗ ಎಲ್ಲ ಸೋಮವಾರಕ್ಕೆ. ಇನ್ನೊಂದು ತೊಡಕಿದೆ: ಫ್ರೋಡೋನ ಸಾಕುತಂದೆ ಬಿಲ್ಬೋನ 111ನೇ ಹುಟ್ಟುಹಬ್ಬ ಕಳೆದು ಫ್ರೋಡೋ ಊರು ಬಿಡುವುದಕ್ಕೆ ಮೂಲದಲ್ಲಿ 17 ವರ್ಷ. ಸಿನಿಮಾ ಅದನ್ನು ನುಂಗಿಬಿಟ್ಟಿದೆ. ನಿಷ್ಠೆಗೆ ಚ್ಯುತಿ ಬಾರದಂತೆ ಅಲ್ಲೇ ಇಂಟರ್‌ವಲ್ ಬಿಟ್ಟುಬಿಡಿ. ಪ್ರೇಕ್ಷಕರು ಮನೆಗೆ ಹೋಗಿ ಅಡಿಕೆ ಸಸಿ ನೆಟ್ಟರೆ, ಬೆಲ್ಲು ಹೊಡೆಯುವಷ್ಟರಲ್ಲಿ ಹತ್ತು ಕೊಯ್ಲು ಮುಗಿದಿರುತ್ತದೆ.