ತಲಪಾಡಿಯ ಆಚೆ ಹಕ್ಕು, ಈಚೆ ಓಲೈಕೆ

ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನರ ಮಾತೃಭಾಷೆ ಯಾವುದು ಎಂದು ಕೇಳಿದರೆ ತೆಲುಗು ಎನ್ನುವವರಿದ್ದಾರೆ, ತಮಿಳು ಎನ್ನುವವರಿದ್ದಾರೆ, ಬೆಂಗಳೂರಿನಲ್ಲಿ ಬಹುಕಾಲ ಬಾಡಿಗೆ ಮನೆ ಹುಡುಕಿದವರಾದರೆ ಹಿಂದಿ ಎಂದು ನಿಟ್ಟುಸಿರು ಬಿಡುವವರೂ ಇದ್ದಾರೆ. 2011ರ ಜನಗಣತಿ ಹೇಳುವ ಉತ್ತರ ಉರ್ದು. ಅದನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 66 ಲಕ್ಷ, ಅಂದರೆ ಶೇ 10.8ರಷ್ಟು ಮಂದಿ. ಇಷ್ಟು ಜನರ ಮಾತು ನಮ್ಮ ಸಾರ್ವಜನಿಕ ಚರ್ಚೆಗೆ ಬರುವುದು ಎರಡೇ ಸಂದರ್ಭಗಳಲ್ಲಿ. ಒಂದು, ಮುಶಾಯಿರಾದ, ಅಂದರೆ ಉರ್ದು ಕವಿಗೋಷ್ಠಿಯ, ವೇದಿಕೆಯಲ್ಲಿ ಜನಪ್ರತಿನಿಧಿಗಳು ಅರ್ಥವಾಗದ ಶಾಯಿರಿಗೆ ತಲೆದೂಗಿ, ಉರ್ದುವಿನ ಸವಿಯನ್ನು ಬಾಯಿತುಂಬ ಹೊಗಳಿ, ಶಾಲು ಹೊದೆಸಿಕೊಂಡು ಕಾರು ಹತ್ತುವಾಗ. ಇನ್ನೊಂದು, ಯಾವುದೋ ಊರಿನ ಯಾವುದೋ ಫಲಕದ ಕೆಳತುದಿಯಲ್ಲಿ ಬಲದಿಂದ ಎಡಕ್ಕೆ ಓಡುವ ಒಂದು ಸಾಲು ಕಂಡು ನಾಡು ಕೈಬಿಟ್ಟು ಹೋಯಿತೆಂದು ಬೊಬ್ಬೆ ಏಳುವಾಗ.

ಫಲಕದ ಮೇಲಿನ ಒಂದು ಸಾಲಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡಬಾರದು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಪುರಸಭೆಯ ಫಲಕದಲ್ಲಿ ಮೇಲೆ ಮರಾಠಿ, ಅದರ ಕೆಳಗೆ ಉರ್ದು ಇತ್ತು. ಆ ಪುರಸಭೆಯಲ್ಲಿ ಉರ್ದುವಿನ ಬಳಕೆ 1956ರಿಂದಲೂ ಇದ್ದದ್ದೇ. ಅಷ್ಟು ವರ್ಷ ಅದರಿಂದ ಮರಾಠಿಯ ಒಂದು ಕಾಗುಣಿತವೂ ಕೊಂಕಿದ ವರದಿಯಿಲ್ಲ. ಆದರೂ ಮಾಜಿ ಸದಸ್ಯೆಯೊಬ್ಬರಿಗೆ ಆ ಸಾಲು ಕಣ್ಣು ಚುಚ್ಚಿತು. ಪುರಸಭೆ ಒಪ್ಪದಿದ್ದಾಗ ವಿಷಯ ಜಿಲ್ಲಾಧಿಕಾರಿಗೆ ಹೋಯಿತು, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಹೈಕೋರ್ಟಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೆ. 2025ರ ಏಪ್ರಿಲ್‌ನಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯವು ಭಾಷೆ ಎಂದರೆ ಧರ್ಮವಲ್ಲ, ಉರ್ದು ಈ ನೆಲದಲ್ಲೇ ಹುಟ್ಟಿದ್ದು ಎಂಬ ಎರಡು ಸಂಗತಿಗಳನ್ನು ವಿವರವಾಗಿ ತಿಳಿಸಿಕೊಡಬೇಕಾಯಿತು. ಪ್ರಾಥಮಿಕ ಶಾಲೆಯ ಸಮಾಜ ವಿಜ್ಞಾನದ ಪಾಠವನ್ನು ಇಷ್ಟು ದುಬಾರಿ ಶುಲ್ಕಕ್ಕೆ ಕಲಿಯುವ ದೇಶ ಇನ್ನೊಂದಿರಲಾರದು.

ಇನ್ನು ರಾಜ್ಯಗಳು ಉರ್ದುವಿಗೆ ಸ್ಥಾನ ಹಂಚಿದ ಬಗೆಯನ್ನು ನೋಡಿದರೆ, ಬೇಕಾದಲ್ಲಿ ಕೊಡಬಾರದು, ಬೇಡದಲ್ಲಿ ಬಿಡಬಾರದು ಎಂಬ ದೃಢವಾದ ನೀತಿಯೊಂದು ಕಾಣುತ್ತದೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಉರ್ದುವನ್ನು ಮಾತೃಭಾಷೆಯೆಂದು ಬರೆಸಿದವರು ಶೇಕಡಾ ಒಂದರಷ್ಟೂ ಇಲ್ಲ. ಅಲ್ಲಿ 1957ರ ರಾಜ್ಯ ಸಂವಿಧಾನದ ಪ್ರಕಾರ ಅದೇ ಅಧಿಕೃತ ಭಾಷೆಯಾಗಿತ್ತು, ಕಾಶ್ಮೀರಿ ಮತ್ತು ಡೋಗ್ರಿ ಅದರ ಪಕ್ಕದಲ್ಲಿ ಕೂರಲು 2020ರವರೆಗೆ ಕಾಯಬೇಕಾಯಿತು. ಅದು ಮನೆಮನೆಯ ಮಾತಾಗಿದ್ದ ಉತ್ತರ ಪ್ರದೇಶದಲ್ಲಿ ಎರಡನೆಯ ಅಧಿಕೃತ ಭಾಷೆಯಾಗಲು 1989 ಬೇಕಾಯಿತು, ಹಾಗಾದದ್ದು ಸರಿಯೋ ತಪ್ಪೋ ಎಂಬ ವ್ಯಾಜ್ಯ ತೀರಲು 2014 ಬೇಕಾಯಿತು. ಅರ್ಜಿಯನ್ನು ಉರ್ದುವಿನಲ್ಲಿ ಸ್ವೀಕರಿಸಿ ಉರ್ದುವಿನಲ್ಲೇ ಉತ್ತರಿಸುವುದು 1989ರ ಸರ್ಕಾರಿ ಆದೇಶದಲ್ಲಿದ್ದ ಏಳು ಉದ್ದೇಶಗಳಲ್ಲಿ ಒಂದು. 1989ರಲ್ಲಿ ಬಾವಿಯ ನೀರು ಕೆಟ್ಟಿದೆಯೆಂದು ಉರ್ದುವಿನಲ್ಲಿ ಅರ್ಜಿ ಬರೆದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಆ ಅರ್ಜಿ ಬರೆಯುವುದು ಸಂವಿಧಾನಬದ್ಧವೇ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಅವನು ಮೊಮ್ಮಕ್ಕಳನ್ನು ಆಡಿಸುತ್ತಿದ್ದ, ಮೊಮ್ಮಕ್ಕಳಿಗೆ ಉರ್ದು ಲಿಪಿ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಆ ರಾಜ್ಯದ ಶಾಲೆಗಳಲ್ಲಿ ತ್ರಿಭಾಷಾ ಸೂತ್ರದ ಮೂರನೆಯ ಆಧುನಿಕ ಭಾರತೀಯ ಭಾಷೆಯ ಜಾಗದಲ್ಲಿ ಪಾಣಿನಿಯ ಸಂಸ್ಕೃತವೇ ಆಧುನಿಕ ಭಾಷೆಯಾಗಿ ಬಂದು ಕುಳಿತಿತ್ತು.

ಕೇಂದ್ರ ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. ಉರ್ದುವಿನ ಏಳಿಗೆಗೆಂದು 1972ರಲ್ಲಿ ಐ.ಕೆ. ಗುಜ್ರಾಲ್ ಅವರ ಸಮಿತಿ ರಚನೆಯಾಯಿತು, 1975ರಲ್ಲಿ ವರದಿ ಬಂತು. ವರದಿಯ ಶಿಫಾರಸುಗಳು ಏನಾದವೆಂದು ತಿಳಿಯಲು 1990ರಲ್ಲಿ ಅಲಿ ಸರ್ದಾರ್ ಜಾಫ್ರಿ ಅವರ ಸಮಿತಿ ರಚನೆಯಾಯಿತು. ಆ ಸಮಿತಿಯ ಶಿಫಾರಸುಗಳ ಗತಿಯನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷಗಿರಿಗೆ ಅರ್ಹರು ಈಗಲೂ ಪ್ರಯತ್ನಿಸಬಹುದು. ಈ ನಡುವೆ ದೇಶದಲ್ಲಿ ಉರ್ದು ಮಾತೃಭಾಷಿಕರ ಸಂಖ್ಯೆ 2001ರಲ್ಲಿ 5.15 ಕೋಟಿ ಇದ್ದದ್ದು 2011ರಲ್ಲಿ 5.07 ಕೋಟಿಗೆ ಇಳಿಯಿತು. ಜನಸಂಖ್ಯೆ ಏರುತ್ತಿರುವಾಗ ಭಾಷಿಕರು ಇಳಿಯುವ ಈ ಸಾಧನೆಗೆ ಇಷ್ಟೆಲ್ಲ ಪ್ರೋತ್ಸಾಹದ ನೆರವು ಇದ್ದೇ ಇರಬೇಕು.

ನಮ್ಮ ರಾಜ್ಯದ ಕಥೆಗೆ ಬರೋಣ. ವಿಜಯಪುರದಲ್ಲಿ ಕೂತು, ಸರಸ್ವತಿಯನ್ನು ಸ್ತುತಿಸುವ ಪದ್ಯದಿಂದ, ಉರ್ದುವಿನ ದಕ್ಷಿಣದ ರೂಪವಾದ ದಖನಿಯಲ್ಲಿ ತನ್ನ ಹಾಡಿನ ಹೊತ್ತಗೆಯನ್ನು ಆರಂಭಿಸಿದ ಎರಡನೆಯ ಇಬ್ರಾಹಿಂ ಆದಿಲ್ ಶಾನ ಭಾಷೆಯನ್ನು ಹೊರಗಿನಿಂದ ಬಂದದ್ದು ಎನ್ನುವವರಿಗೆ ಹೊರಗು ಯಾವುದು ಎಂದು ವಿವರಿಸುವ ಹೊಣೆ ನನ್ನದಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನವು ದಿನಕ್ಕೆ ಹತ್ತು ನಿಮಿಷ ಉರ್ದು ವಾರ್ತೆ ಓದಲು ಹೊರಟಿತು. ಅದರ ಬೆನ್ನಿಗೆ ನಡೆದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು. ಸತ್ತವರ ವಿಷಯದಲ್ಲಿ ನಗುವಂಥದ್ದು ಏನೂ ಇಲ್ಲ. ಅದೇ ಪೆಟ್ಟಿಗೆಯಲ್ಲಿ ಹಿಂದಿ, ಇಂಗ್ಲಿಷ್ ವಾರ್ತೆಗಳು ದಿನವೂ ಹರಿದು ಬರುತ್ತಿದ್ದಾಗ ಕನ್ನಡಕ್ಕೆ ಏನೂ ಆಗದೆ, ಆ ಹತ್ತು ನಿಮಿಷದಲ್ಲಿ ಮಾತ್ರ ಅದು ಉಸಿರುಗಟ್ಟುತ್ತದೆ ಎಂದು ನಂಬಿದ ನಮ್ಮ ಲೆಕ್ಕಾಚಾರದ ಬಗ್ಗೆ ಮಾತ್ರ ಇಂದಿಗೂ ಆಶ್ಚರ್ಯಪಡಬಹುದು. ಮುಂದೆ ದೂರದರ್ಶನ ಉರ್ದುವಿಗಾಗಿಯೇ ಒಂದು ವಾಹಿನಿಯನ್ನು ತೆರೆಯಿತು, ಅದು ಇಲ್ಲಿಗೂ ಬರುತ್ತದೆ. ಈ ಬಾರಿ ಕನ್ನಡ ಹೇಗೋ ಬದುಕಿಕೊಂಡಿತು, ಬಹುಶಃ ಯಾರೂ ಅದನ್ನು ನೋಡದೆ ಇದ್ದುದರಿಂದ.

2024ರಲ್ಲಿ ಮತ್ತೆ ಗಂಡಾಂತರ ಬಂದೊದಗಿತು. ಚಿಕ್ಕಮಗಳೂರು ಜಿಲ್ಲೆಯ ಅಂಗನವಾಡಿ ನೇಮಕಾತಿಯ ಪ್ರಕಟಣೆಯೊಂದರಲ್ಲಿ ಉರ್ದು ಬಲ್ಲವರಾಗಿರಬೇಕು ಎಂಬ ಷರತ್ತು ಕಾಣಿಸಿತು. ಒಡನೆಯೇ ಇದು ಓಲೈಕೆ ಎಂದು ಒಂದು ಕಡೆಯವರು, ಇದು ಹಿಂದಿನಿಂದ ಇರುವ ನಿಯಮ ಎಂದು ಇನ್ನೊಂದು ಕಡೆಯವರು ಹೇಳಿಕೆಗಳ ಸುರಿಮಳೆಗರೆದರು. ಮನೆಯಲ್ಲಿ ಉರ್ದು ಬಿಟ್ಟರೆ ಬೇರೆ ಮಾತು ಕೇಳದ ಮೂರು ವರ್ಷದ ಮಗು ಅಂಗನವಾಡಿಯ ಚಾಪೆಯ ಮೇಲೆ ಕೂತು ‘ಪಾನಿ’ ಎಂದರೆ ಲೋಟ ತಂದುಕೊಡಬಲ್ಲ, ಹೊಟ್ಟೆನೋವು ಎಂದರೆ ಹೌದೇ ಎಂದು ಕೇಳಬಲ್ಲ, ಹಾಗೆಯೇ ನಾಲ್ಕು ಕನ್ನಡ ಹಾಡು ಕಲಿಸಬಲ್ಲ ಒಬ್ಬ ಹೆಂಗಸು ಅಲ್ಲಿರಬೇಕೋ ಬೇಡವೋ ಎಂಬ ಕ್ಷುಲ್ಲಕ ಪ್ರಶ್ನೆಗೆ ಸಮಯ ವ್ಯರ್ಥ ಮಾಡಿದವರು ಕಡಿಮೆ. ಆ ಮಗುವಿಗೆ ಮತವಿಲ್ಲ.

ನಮ್ಮ ತರ್ಕದ ನಿಜವಾದ ಸೊಗಸು ಕಾಣಬೇಕಾದರೆ ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿಯ ಗಡಿ ದಾಟಬೇಕು. ಅಲ್ಲಿ, ಕಾಸರಗೋಡಿನಲ್ಲಿ, ಕನ್ನಡಿಗನೇ ಭಾಷಾ ಅಲ್ಪಸಂಖ್ಯಾತ. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ, ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಮೇಷ್ಟ್ರುಗಳನ್ನು ಕಳಿಸಿದಾಗ ಅಲ್ಲಿನ ಪೋಷಕರು, ಮಕ್ಕಳು ಬೀದಿಗಿಳಿದರು. ಆಗ ಇಡೀ ಕರ್ನಾಟಕಕ್ಕೆ ಸಂವಿಧಾನದ 350ಎ ವಿಧಿ ಬಾಯಿಪಾಠವಾಗಿತ್ತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯುವ ಸೌಲಭ್ಯ ಒದಗಿಸಬೇಕು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರವನ್ನು 1949ರಲ್ಲೇ ಒಪ್ಪಲಾಗಿದೆ ಎಂದು ಬಲ್ಲವರು ನೆನಪಿಸಿದರು. ಎಲ್ಲವೂ ಸರಿಯಾದ ಮಾತೇ. ಭಾಷಣ ಮುಗಿಸಿ ವಾಪಸು ಬರುವಾಗ ಗಡಿಯ ಈಚೆ ಮಾತ್ರ ಅದೇ 350ಎ ವಿಧಿ ಓಲೈಕೆಯಾಗಿ, ಅದೇ ಹತ್ತು ಮಕ್ಕಳು ಮತಬ್ಯಾಂಕಾಗಿ, ಫಲಕದ ಮೇಲಿನ ಎರಡನೆಯ ಸಾಲು ಹಕ್ಕಿನ ಬದಲು ಅತಿಕ್ರಮಣವಾಗಿ ಮಾರ್ಪಡುತ್ತವೆ. ಸಾಮಾನ್ಯವಾಗಿ ಸಂವಿಧಾನವನ್ನು ತಿದ್ದಲು ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ನಮಗೆ ಒಂದು ಚೆಕ್‌ಪೋಸ್ಟ್ ಸಾಕು.

ಉರ್ದುವಿನ ಹಿತೈಷಿಗಳೆನಿಸಿಕೊಂಡವರೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. ಭಾಷೆಯ ಉಳಿವಿಗಾಗಿ ವೇದಿಕೆಯಲ್ಲಿ ಗದ್ಗದಿತರಾಗುವ ಮುಖಂಡರ ಮಕ್ಕಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಉರ್ದು ಮಾಧ್ಯಮದ ಸರ್ಕಾರಿ ಶಾಲೆಯನ್ನು ಅವರು ಆಟೋ ಓಡಿಸುವವರ, ಬೀಡಿ ಕಟ್ಟುವವರ ಮಕ್ಕಳಿಗಾಗಿ ಔದಾರ್ಯದಿಂದ ಬಿಟ್ಟುಕೊಟ್ಟಿದ್ದಾರೆ. ಈ ವಿಷಯದಲ್ಲಿ ಅವರಿಗೂ ಕನ್ನಡದ ಕಟ್ಟಾಳುಗಳಿಗೂ ಪೂರ್ಣ ಸಹಮತವಿದೆ, ಏಕೆಂದರೆ ಎರಡೂ ಕಡೆಯ ಮಕ್ಕಳು ಒಂದೇ ಕಾನ್ವೆಂಟಿನ ಒಂದೇ ಬೆಂಚಿನಲ್ಲಿ ಕೂತು ಇಂಗ್ಲಿಷಿನಲ್ಲಿ ಹರಟುತ್ತಿರುತ್ತಾರೆ.

ಇಷ್ಟರ ನಡುವೆ ‘ಇಲ್ಲಿರುವವರು ಕನ್ನಡ ಕಲಿಯಲಿ’ ಎಂಬ ಕೂಗು ವರ್ಷವಿಡೀ ಕೇಳಿಸುತ್ತಿರುತ್ತದೆ, ಅದು ನ್ಯಾಯವಾದ ಬೇಡಿಕೆಯೇ ಹೌದು. ಉರ್ದು ಶಾಲೆಯ ಮಗುವಿಗೂ ಕನ್ನಡ ಬೇಕು. ಕನ್ನಡ ಬಾರದೆ ಈ ನಾಡಿನಲ್ಲಿ ಕೆಲಸ ಹುಟ್ಟುವುದಿಲ್ಲವೆಂದು ಆ ಮಗುವಿನ ತಾಯಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಉರ್ದು ಶಾಲೆಗೆ ಒಬ್ಬ ಒಳ್ಳೆಯ ಕನ್ನಡ ಮೇಷ್ಟ್ರನ್ನು ಕೊಡಿ ಎಂದು ಶಿಕ್ಷಣ ಇಲಾಖೆಯ ಮುಂದೆ ಧರಣಿ ಕೂತ ಕನ್ನಡ ಸಂಘವೊಂದನ್ನು ಕಾಣಬೇಕೆಂದು ನಾನು ಬಹಳ ಕಾಲದಿಂದ ಹುಡುಕುತ್ತಿದ್ದೇನೆ. ಅಂಥ ಸಂಘ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಸದಸ್ಯತ್ವದ ಶುಲ್ಕ ಕಟ್ಟಲು ಸಿದ್ಧನಿದ್ದೇನೆ.